ಗಣಪತಿಯನ್ನು ಕೊಟ್ಟು ದಿಲೀಪನನ್ನು ತರಲು ಹೋದದ್ದು

ಹಟ್ಟಿಕೇರಿಯ ನಮ್ಮ ಕಬಡ್ಡಿ ತಂಡಕ್ಕೆ ನಾನು ಮ್ಯಾನೇಜರ್. ಅಂದರೆ ನೀರಿನ ಬಾಟಲಿ ಹೊರುವವನು, ಸೋತರೆ ಬೈಸಿಕೊಳ್ಳುವವನು. ಅಂಕೋಲೆಯ ಟೂರ್ನಮೆಂಟಿಗೆ ಮಾಜಾಳಿಯ ದಿಲೀಪನನ್ನು ಕರೆತರಲೇಬೇಕೆಂದು ಹುಡುಗರು ಹಟ ಹಿಡಿದರು. ರೈಡಿಗೆ ಹೋದರೆ ಬರಿಗೈಯಲ್ಲಿ ಬರುವ ಆಸಾಮಿಯಲ್ಲ ಅವನು. ಮಾಜಾಳಿ ತಂಡದವರು ಬದಲಿಗೆ ನಮ್ಮ ಗಣಪತಿಯನ್ನು ಕೇಳಿದರು. ಗಣಪತಿ ಮಾವಿನಕಾಯಿ ಕೊಯ್ಯುವ ಕೂಲಿಯವ. ರೈಡಿಗೆ ಹೋಗೆಂದರೆ ನಾಚುತ್ತಾನೆ, ಮೂಲೆಯಲ್ಲಿ ನಿಂತು ಬಂದವರ ಕಾಲು ಹಿಡಿಯುತ್ತಾನೆ, ಅಷ್ಟೇ. ಲಾಭದ ವ್ಯವಹಾರವೆಂದು ಕುಣಿಯುತ್ತಲೇ ಮಾಜಾಳಿಗೆ ಹೋದೆ.

ಗೋವಾದ ಕೆಲಸ ಮುಗಿಸಿ ಬಸ್ಸಿಳಿದ ದಿಲೀಪ ನನ್ನ ಮಾತು ಕೇಳಿ ಅಲ್ಲೇ ನಿಂತ.

"ಗಣಪತೀನ ಕೊಡ್ತ್ರಾ? ಹಾಗಾದ್ರೆ ನಾ ಬರೂದಿಲ್ಲ."

"ಎಂತಕ್ಕೆ ಮಾರಾಯಾ?"

"ನನ್ನ ಹಿಡಿದು ಕೆಡಗಿದವ ಅವನೊಬ್ನೇ. ನಾ ನಿಮ್ಮ ಕಡೆ ಬಂದ್ರೆ ಅವ ಎದುರಿಗೆ ನಿಂತಿರ್ತಾನೆ. ಹೆಂಗೂ ಅವನ ಕೈಗೇ ಸಿಕ್ಕಿ ಬೀಳೂದಾದ್ರೆ ನಮ್ಮೂರಿಗೆ ಆಡೇ ಬೀಳ್ತೆ. ಬೇರೆ ಊರಿಗೆ ಆಡಿ ಬಿದ್ರೆ ಮನೇಲಿ ಹೆತ್ತ ಆಯಿ ಅನ್ನಾನೂ ಹಾಕೂದಿಲ್ಲ!"

ಬರಿಗೈಯಲ್ಲಿ ವಾಪಸಾದೆ. ಹುಡುಗರು ನನ್ನ ಜೊತೆ ಮಾತು ಬಿಟ್ಟರು.

ಫೈನಲ್ಲಿನಲ್ಲಿ ಮಾಜಾಳಿಯೇ ಎದುರಾಯಿತು. ಅಂಕ ಸಮಸಮ, ಕೊನೆಯ ರೈಡಿಗೆ ದಿಲೀಪ ಬಂದ. ಗಣಪತಿ ಮಾವಿನ ಕೊಂಬೆ ಹಿಡಿದಂತೆ ಅವನ ಕಾಲು ಹಿಡಿದ. ಉಳಿದವರೆಲ್ಲ ಮೇಲೆ ಬಿದ್ದರು. ಮೈದಾನವೇ ಹಾರಿಹೋಗುವಂಥ ಕೂಗಿನ ನಡುವೆ, ಆ ರಾಶಿಯ ಅಡಿಯಿಂದ ದಿಲೀಪ ತಲೆ ಹೊರಗೆ ಹಾಕಿ ನನ್ನನ್ನೇ ಹುಡುಕಿ ಅಂದ: "ಹೇಳಿದ್ದೆ ಅಲ್ದಾ?"

ದಿಲೀಪನನ್ನು ತರದೇ ಬಂದ ನನ್ನ ದೂರದೃಷ್ಟಿಯನ್ನು ಊರವರು ಈಗಲೂ ಹೊಗಳುತ್ತಾರೆ. ನಾನೂ ಅಲ್ಲವೆನ್ನಲು ಹೋಗುವುದಿಲ್ಲ.