ದೀಪದ ಹೊತ್ತಿನ ಗಿಟಾರು

ಶುಂಠಿ ಜಜ್ಜಲು ನಮ್ಮ ಮನೆಯಲ್ಲಿ ಕುಟ್ಟಾಣಿ ಇಲ್ಲವೆಂದಲ್ಲ. ಆದರೂ ನನ್ನ ಕೈ ಹೋಗುವುದು ಒಂದು ಉಕ್ಕಿನ ತುಂಡಿನ ಕಡೆಗೇ. ಬೆರಳುದ್ದದ್ದು, ನುಣ್ಣಗಿದೆ, ಹಿಡಿದರೆ ತಣ್ಣಗಿರುತ್ತದೆ. ಮೊನ್ನೆ ಸಂಜೆ ಕಷಾಯಕ್ಕೆಂದು ಅದರಲ್ಲಿ ಶುಂಠಿ ಜಜ್ಜುತ್ತಿದ್ದಾಗ ರೇಡಿಯೋದಲ್ಲಿ ಯಾವುದೋ ಹಳೆಯ ಸಿನಿಮಾ ಹಾಡು ಶುರುವಾಯಿತು. ಹಾಡುವವಳು ಬಾಯಿ ತೆರೆಯುವ ಮೊದಲೇ ಹವಾಯಿ ಗಿಟಾರು ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲನೆ ಜಾರಿತು. ನನ್ನ ಕೈ ನಿಂತಿತು. ಬತ್ತಿ ಹೊಸೆಯುತ್ತಿದ್ದ ಸೊಸೆ ಎದ್ದು ಬಂದು ರೇಡಿಯೋ ಆರಿಸಲು ಕೈ ಚಾಚಿದಳು. ದೀಪ ಹಚ್ಚುವ ಹೊತ್ತಿನಲ್ಲಿ ಅಳುವ ಹಾಡು ಕೂಡದೆಂಬುದು ಈ ಮನೆಯ ಕಾನೂನು. ಕಾನೂನು ನನ್ನ ಅತ್ತೆಯದು, ಸೊಸೆಗೆ ಕಲಿಸಿದ್ದು ನಾನು.

ಆ ಉಕ್ಕಿನ ತುಂಡು ನನ್ನ ಮೈದುನ ಸಿದ್ಧಲಿಂಗನದು. ಹೋದ ತಿಂಗಳು ಅವನು ಶಿವನ ಪಾದ ಸೇರಿದ. ಮನೆಗೆ ಹಿರಿಯಳಾದ ನಾನು ಅತ್ತವರನ್ನೆಲ್ಲ ಗದರಿಸಿ ಸುಮ್ಮನಿರಿಸಿದೆ. ನಮ್ಮವರಲ್ಲಿ ಹೋದವರಿಗಾಗಿ ಅಳಬಾರದು. ಲಿಂಗದಲ್ಲಿ ಬೆರೆತವರಿಗೆ ಅಳುವುದೆಂದರೆ ಶಿವನ ಮೇಲೇ ದೂರು ಹೇಳಿದಂತೆ. ಹೀಗೆಂದು ಬೇರೆಯವರಿಗೆ ಹೇಳುವುದು ಬಹಳ ಸುಲಭ ನೋಡಿ.

ನಾನು ಮಧುಗಿರಿಯ ಈ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಮಹಾರಾಜರ ಕಾಲ. ಯುದ್ಧ ಮುಗಿದಿತ್ತು, ಪೆಟ್ರೋಲು ಮಾತ್ರ ಸಿಕ್ಕುತ್ತಿರಲಿಲ್ಲ. ಶಿರಾಕ್ಕೆ ಹೋಗುವ ಬಸ್ಸು ಇದ್ದಿಲ ಒಲೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು, ಏರಿನಲ್ಲಿ ನಮ್ಮನ್ನೇ ಇಳಿಸಿ ತಳ್ಳಿಸಿಕೊಳ್ಳುತ್ತಿತ್ತು. ತವರಿಗೆ ಹೋಗಿಬಂದೆ ಎಂದರೆ ಮೂಗಿನ ಮೇಲೆ ಮಸಿ ಇರಬೇಕು, ಇಲ್ಲದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಂಥ ಬಸ್ಸಿನಲ್ಲೇ ಒಂದು ದಿನ ಸಿದ್ಧಲಿಂಗ ಬೆಂಗಳೂರಿನಿಂದ ಗಿಟಾರು ತಂದ. ದಂಡಿನ ಪ್ರದೇಶದ ಯಾವನೋ ಸೋಲ್ಜರು ಊರಿಗೆ ಹೊರಡುವಾಗ ಇವನ ಕೈಗೆ ಕೊಟ್ಟು ಹೋದದ್ದಂತೆ.

ನಾನು ವೀಣೆ ನೋಡಿದ್ದೆ, ಪಿಟೀಲು ನೋಡಿದ್ದೆ. ಇವನು ಆ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಈ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಿದ್ದ. ಗ್ರಾಮಫೋನು ಕೇಳಿ ಕೇಳಿ ಕಲಿತ ವಿದ್ಯೆ. ಹಗಲೆಲ್ಲ ಪೇಟೆಯ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಿಸಿ ಬರುವವನಿಗೆ ಸಿಗುತ್ತಿದ್ದದ್ದು ಸಂಜೆ ಮಾತ್ರ. ಊಟವಾದ ಮೇಲೆ ನುಡಿಸಿದರೆ ಮಾವನವರ ನಿದ್ದೆ ಕೆಡುತ್ತಿತ್ತು. ಉಳಿದದ್ದು ದೀಪ ಹಚ್ಚುವ ಹೊತ್ತೊಂದೇ.

ಮೊದಲ ದಿನವೇ ಅತ್ತೆ ದೇವರಮನೆಯಿಂದ ಓಡಿಬಂದರು. ಪಾವಗಡದ ಕಡೆಯ ಹೆಣ್ಣು, ಗಾಬರಿಯಾದರೆ ತೆಲುಗು ಬಂದುಬಿಡುತ್ತಿತ್ತು.

"ಏಮಿರಾ ಇದಿ? ಯಾರ್ಲಾ ಅಳ್ತಿರೋದು?"

"ಯಾರೂ ಅಳ್ತಿಲ್ಲ ಕಣವ್ವಾ, ಗಿಟಾರು."

"ಅದ್ಯಾವ್ದೋ ಪಿಟಾರು. ದೀಪ ಹಚ್ಚೋ ಹೊತ್ನಾಗೆ ಮನೇಲಿ ಅಳು ಎಬ್ಬಿಸ್ಬ್ಯಾಡ. ನಿಲ್ಸು."

ಅವನು ನಿಲ್ಲಿಸಿದ. ಮಾರನೆಯ ಸಂಜೆ ಮತ್ತೆ ನುಡಿಸಿದ. ಹೀಗೆ ಕೆಲವು ವಾರ ನಡೆಯಿತು. ಕಡೆಗೆ ಅತ್ತೆ, "ಈ ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದರು. ಇನ್ನೊಬ್ಬ ಹುಡುಗನಾಗಿದ್ದರೆ ರಂಪ ಮಾಡುತ್ತಿದ್ದ. ಸಿದ್ಧಲಿಂಗ, "ಸೋಮವಾರ ಶಿರಾಕ್ಕೆ ತಗೊಂಡೋಗಿ ಅಲ್ಲಿರೋ ನನ್ ಗೆಣೆಕಾರಂಗೆ ಕೊಟ್ಬುಡ್ತೀನಿ" ಎಂದ. ಆಮೇಲೆ ಎರಡು ದಿನ ಅನ್ನವನ್ನು ಬರೀ ಕಲಸಿದ. ನಾನೋ ಹೊಸ ಸೊಸೆ, ಬಾಯಿ ಬಿಡುವ ಹಾಗಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ಅವರಿಗೆ ಗೌರಿ ಎಂಬ ಮಗಳಿದ್ದಳು, ಸಿದ್ಧಲಿಂಗನ ಅಕ್ಕ. ಪ್ಲೇಗಿನ ವರ್ಷ ಊರೆಲ್ಲ ಹೊರಗೆ ಗುಡಿಸಲು ಹಾಕಿಕೊಂಡಿದ್ದಾಗ ಹೋದಳಂತೆ. ಹಿರಿಯರು ಅತ್ತೆಗೆ ಅಳಗೊಡಲಿಲ್ಲ. ಅವರೂ ಹಲ್ಲು ಕಚ್ಚಿ ಕೂತರಂತೆ. ಇಷ್ಟನ್ನು ನನಗೆ ಹೇಳಿದ್ದು ನನ್ನ ಗಂಡ, ಅದೂ ಅಮ್ಮನ ಮುಂದೆ ಆ ಹೆಸರು ಎತ್ತಬೇಡ ಎಂದು ಎಚ್ಚರಿಸುವುದಕ್ಕೆ.

ಆ ಭಾನುವಾರ ಬಡವನಹಳ್ಳಿಯ ಬಯಲಿಗೆ ಬಂದಿದ್ದ ಟೆಂಟಿನಲ್ಲಿ ತೆಲುಗು ಪುರಾಣದ ಚಿತ್ರ. ದೇವರ ಸಿನಿಮಾ ಎಂದಮೇಲೆ ಅತ್ತೆಯೂ ಹೊರಟರು. ಬಾಡಿಗೆ ಗಾಡಿ ಕಟ್ಟಿಸಿಕೊಂಡು ನಾವಿಬ್ಬರೂ ಹೋಗಿ, ಗಂಡಸರ ಕಡೆಗೆ ಕಟ್ಟಿದ್ದ ಅಡ್ಡಬಟ್ಟೆಯ ಈಚೆ ಹೆಂಗಸರ ನಡುವೆ ನೆಲದ ಮೇಲೆ ಕೂತೆವು. ಪರದೆಯ ಮೇಲೆ ರಾಣಿಯೊಬ್ಬಳು ಕಾಡಿನಲ್ಲಿ ಸತ್ತ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಅವಳು ಅಳಲಿಲ್ಲ. ಅವಳ ಹಿಂದಿನಿಂದ ಗಿಟಾರು ಅತ್ತಿತು. ಆ ಪುರಾಣದ ಕಾಡಿಗೆ ಹವಾಯಿಯ ವಾದ್ಯ ಯಾವ ಬಸ್ಸಿನಲ್ಲಿ ಬಂತೆಂದು ಯಾರೂ ಕೇಳಲಿಲ್ಲ. ಈಗ ನನಗೆ ನಗು ಬರುತ್ತದೆ. ಆಗ ಬರಲಿಲ್ಲ.

ಅತ್ತೆ ನನ್ನ ಮೊಣಕೈ ಹಿಡಿದರು. "ಇದು ನಮ್ ಸಿದ್ದೂದಲ್ವೇನೆ?"

"ಅದೇ ವಾದ್ಯ ಅತ್ತೆ."

ಆಮೇಲೆ ಅವರು ಅತ್ತರು. ಸೆರಗು ಬಾಯಿಗೆ ತುರುಕಿಕೊಂಡು, ಭುಜ ಕುಲುಕಿಸಿಕೊಂಡು ಅತ್ತರು. ಹೆಂಗಸರೆಲ್ಲ ಅಳುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಟೆಂಟಿನ ಕತ್ತಲಲ್ಲಿ ಅಳುವುದಕ್ಕೆ ಹಿರಿಯರ ಅಪ್ಪಣೆ ಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಸಿದ್ಧಲಿಂಗ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ಜಗುಲಿಗೆ ತಂದ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಗಂಟು ಬಿಚ್ಲಾ."

"ಬಸ್ಸಿಗೆ ಹೊತ್ತಾತು ಕಣವ್ವಾ."

"ಬಸ್ಸು ನಾಳೀಕೂ ಬತ್ತದೆ. ಬಿಚ್ಚು ಅಂದ್ರೆ ಬಿಚ್ಚು."

ಸಂಜೆ ದೀಪ ಹಚ್ಚಿದ ಅತ್ತೆ, ಅದರ ಮುಂದೆಯೇ ಕಂಬಕ್ಕೆ ಒರಗಿ ಕೂತು ಮಗನನ್ನು ಕರೆದರು. "ಈಗ ಬಾರ್ಸು."

ಅವನಿಗೆ ನಂಬಿಕೆಯಾಗಲಿಲ್ಲ. "ದೀಪದ ಹೊತ್ತು ಕಣವ್ವಾ."

"ಅದುಕ್ಕೇ ಅಂದೆ. ಗೌರಿ ಹೋಗಿದ್ದೂ ಇದೇ ಹೊತ್ನಾಗೆ." ಬತ್ತಿ ಸರಿಮಾಡುತ್ತ ಹೇಳಿದರು, "ನಂಗಂತೂ ಅಳಾಕೆ ಬಿಡ್ನಿಲ್ಲ. ಅದಾದ್ರೂ ಅಳ್ಲಿ ಬುಡು."

ಒಳಗೆ ಮಣೆಯ ಮೇಲಿದ್ದ ಮಾವನವರು ಕೆಮ್ಮಿದರು. ಎದ್ದು ಬರಲಿಲ್ಲ. ಸಿದ್ಧಲಿಂಗ ನುಡಿಸಿದ. ಅಷ್ಟೇನೂ ಚೆನ್ನಾಗಿ ನುಡಿಸಲಿಲ್ಲ.

ಅತ್ತೆ ಬದುಕಿರುವವರೆಗೂ ಸಂಜೆಯ ಗಿಟಾರು ನಿಲ್ಲಲಿಲ್ಲ. ಅವರು ಹೋದ ಮೇಲೆ ಅದರ ಮರ ಸೀಳಿತು, ಇವನ ಬೆರಳೂ ಸೆಟೆಯಿತು. "ಅತ್ತಿಗೆ, ಶುಂಠಿ ಜಜ್ಜಾಕೆ ಚೆನ್ನಾಗೈತೆ" ಎಂದು ಉಕ್ಕಿನ ತುಂಡನ್ನು ನನ್ನ ಕೈಗಿಟ್ಟು ನಕ್ಕ. ನಾನು ಶುಂಠಿಯನ್ನೇ ಜಜ್ಜಿದೆ. ಮನೆತನ ನಡೆಸುವುದೆಂದರೆ ಹೀಗೆಯೇ ಏನೋ. ಅತ್ತೆಯ ಕಾನೂನು ನನಗೆ ಬಾಯಿಪಾಠವಾಗಿತ್ತು, ಅವರೇ ಅದನ್ನು ಮುರಿದ ಸಂಜೆ ಮಾತ್ರ ಎಲ್ಲೋ ಮೂಲೆಗೆ ಸರಿದಿತ್ತು.

ರೇಡಿಯೋದ ಗುಂಡಿಯ ಮೇಲೆ ಕೈಯಿಟ್ಟಿದ್ದ ಸೊಸೆಗೆ ನಾನು, "ಇರ್ಲಿ ಬುಡಮ್ಮ" ಎಂದೆ.

"ದೀಪದ ಹೊತ್ತು ಅತ್ತೆ."

"ಗೊತ್ತು. ದೀಪ ಹಚ್ಚು. ರೇಡಿಯೋ ಆರಿಸ್ಬ್ಯಾಡ."

ಅವಳು ದೀಪ ಹಚ್ಚಿದಳು. ನಾನು ಉಕ್ಕಿನ ತುಂಡಿಗೆ ಅಂಟಿದ್ದ ಶುಂಠಿಯ ನಾರನ್ನು ಸೆರಗಿನಿಂದ ಒರೆಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಿಟಾರು ಜಾರುತ್ತಿತ್ತು. ಹೋದ ತಿಂಗಳಿನಿಂದ ತಡೆದಿದ್ದದ್ದು ಬಂತು. ಸೊಸೆ ಓಡಿಬಂದು, "ಯಾಕತ್ತೆ, ಶುಂಠಿ ಖಾರ ಕಣ್ಣಿಗೆ ಬಿತ್ತೇ?" ಎಂದಳು.

"ಇಲ್ಲ ಕಣಮ್ಮ, ಸಿದ್ಧಲಿಂಗ ಹೋಗಿಬಿಟ್ಟ" ಎಂದೆ.