ಗೀರಿನ ಮೇಲೆ ಎಣ್ಣೆ

ಆ ಗಿಟಾರ್ ನನ್ನದಲ್ಲ. ವಿಜಯನಗರದಲ್ಲಿ ನನಗೆ ಪಾಠ ಹೇಳುತ್ತಿದ್ದ ಮೇಷ್ಟ್ರದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್, ಅವರಲ್ಲಿದ್ದುದು ಅದೊಂದೇ. ಅಭ್ಯಾಸಕ್ಕೆ ನನಗೆ ವಾದ್ಯವಿಲ್ಲವೆಂದು ಶನಿವಾರ ಕೊಟ್ಟು ಮಂಗಳವಾರ ತರಲು ಹೇಳುತ್ತಿದ್ದರು. ಷರತ್ತು ಒಂದೇ: ಬೆರಳಲ್ಲೇ ನುಡಿಸಬೇಕು, ತಂತಿ ಮೀಟುವ ಪ್ಲಾಸ್ಟಿಕ್ ಚೂರು, ಪಿಕ್, ಮುಟ್ಟಿಸಬಾರದು. ಯಾಕೆಂದು ನಾನು ಕೇಳಿರಲಿಲ್ಲ.

ಎಂಬತ್ತರ ದಶಕದ ಒಂದು ಭಾನುವಾರ, ಬಸವೇಶ್ವರನಗರದ ಗಣೇಶನ ಪೆಂಡಾಲಿನಲ್ಲಿ ನಮ್ಮ ಆರ್ಕೆಸ್ಟ್ರಾ ಇತ್ತು. ಮೈಕ್ ಸರಿಮಾಡುವಾಗ ಡ್ರಮ್ಸ್ ಬಾರಿಸುವ ಗೆಳೆಯ ನಕ್ಕ.

"ಏನ್ ಗುರು, ಸೊಳ್ಳೆಗೆ ಜೋಗುಳ ಹಾಡ್ತಿದೀಯಾ? ಒಂಚೂರೂ ಕೇಳ್ತಿಲ್ಲ."

ಅವನೇ ಸೋಪಿನ ಡಬ್ಬಿಯ ಮುಚ್ಚಳದಿಂದ ಮೂರು ಮೂಲೆಯ ಚೂರೊಂದನ್ನು ಕತ್ತರಿಸಿ, ಅಂಚನ್ನು ಸಿಮೆಂಟ್ ಮೆಟ್ಟಿಲಿಗೆ ಉಜ್ಜಿ ಪಿಕ್ ಮಾಡಿಕೊಟ್ಟ. ಅದರಿಂದ ಆರು ತಂತಿಗಳನ್ನೂ ಒಟ್ಟಿಗೆ ಮೀಟಿದೆ. ಸದ್ದು ಒಣಕಲಾಗಿತ್ತು, ಆದರೆ ಕೊನೆಯ ಸಾಲಿನವರೆಗೂ ಹೋಯಿತು. ಎರಡು ಗಂಟೆ ಹಾಗೇ ನುಡಿಸಿದೆ.

ವೇದಿಕೆ ಇಳಿದು ಗಿಟಾರನ್ನು ಚೀಲಕ್ಕೆ ಹಾಕುವಾಗ ನೋಡಿದೆ. ಮಧ್ಯದ ದುಂಡನೆಯ ತೂತಿನ ಕೆಳಗೆ ಹನ್ನೊಂದು ಗೀರು. ಸ್ಟೀಲ್ ತಂತಿಯ ಗಿಟಾರಿಗೆ ಅಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಇದಕ್ಕೆ ಬರೀ ಮರ, ಉಗುರು ಒತ್ತಿದರೂ ಗುರುತು ಬೀಳುವಂಥ ಮೆದು ಮರ. ಪಾಲಿಶ್ ಕಿತ್ತು ಬಿಳಿಯ ಎಳೆಗಳು ಕಾಣುತ್ತಿದ್ದವು. ಮೇಷ್ಟ್ರು ಇದನ್ನು ಕಂಡರೆ ಗಿಟಾರೂ ಇಲ್ಲ, ಪಾಠವೂ ಇಲ್ಲ.

ಸೋಮವಾರ ಬೆಳಗ್ಗೆ ಅಮ್ಮನಿಗೆ ತೋರಿಸಿದೆ.

"ಅಷ್ಟಕ್ಕೆ ಯಾಕೋ ಹಂಗ್ ಮುಖ ಮಾಡ್ಕೊಂಡಿದೀಯ? ಒಂದ್ ತೊಟ್ಟು ಕೊಬ್ಬರಿ ಎಣ್ಣೆ ಸವರು. ಹಬ್ಬಕ್ಕೆ ಬಾಗಿಲಿಗೆ ಹಚ್ತೀವಲ್ಲ, ಹಂಗೇ."

ಬಟ್ಟೆಯಲ್ಲಿ ಎಣ್ಣೆ ಅದ್ದಿ ಉಜ್ಜಿದೆ. ಸ್ವಲ್ಪ ಹೊತ್ತು ಗೀರುಗಳು ಕಾಣಲಿಲ್ಲ. ಆಮೇಲೆ ಮರ ಎಣ್ಣೆ ಕುಡಿಯಿತು. ಬಿಳಿಯ ಎಳೆಗಳು ಒಂದೊಂದಾಗಿ ಕಪ್ಪಾದವು, ಅವುಗಳ ಸುತ್ತ ಅಂಗೈಯಗಲ ಕಲೆ ಹರಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ.

ಮಂಗಳವಾರ ಬಸ್ಸಿನಲ್ಲಿ ಗಿಟಾರನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಯಾರಾದರೂ ತಳ್ಳಿ ಇದು ಪೂರ್ತಿ ಒಡೆದೇಹೋದರೆ ಹೇಳುವುದು ಸುಲಭ ಎಂಬ ಯೋಚನೆ ಬಂತು. ಆ ಯೋಚನೆಗೇ ಹೆದರಿದೆ.

ಮೇಷ್ಟ್ರು ಚೀಲ ಬಿಚ್ಚಿ, ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಗ್ಗಿ ಮೂಸಿದರು.

"ಎಣ್ಣೆನಾ?"

"ಹೌದು ಸಾರ್."

"ಅದರ ಕೆಳಗೆ?"

"ಪಿಕ್ ಗೀರಿದ್ದು ಸಾರ್. ಪೆಂಡಾಲಲ್ಲಿ."

ಅವರು ಹೆಬ್ಬೆರಳಿನಿಂದ ಒಂದೊಂದೇ ಗೀರನ್ನು ಸವರುತ್ತ ಹೋದರು. ಬೈದಿದ್ದರೆ ಚೆನ್ನಾಗಿತ್ತು.

"ಬರೀ ಗೀರಾಗಿದ್ರೆ ಪಾಲಿಶ್ ಹಾಕಿಸ್ಬಹುದಿತ್ತು ಕಣಪ್ಪ. ಎಣ್ಣೆ ಕುಡಿದಿರೋ ಮರದ ಮೇಲೆ ಪಾಲಿಶ್ ನಿಲ್ಲಲ್ಲ. ನನ್ ಹತ್ರ ಬಂದು ಹೇಳಕ್ಕೆ ಅಷ್ಟೊಂದ್ ಭಯ ಆಯ್ತಾ?"

ನಾನು ಖಾಲಿ ಚೀಲವನ್ನು ಮಡಚತೊಡಗಿದೆ.

"ಪಾಠಕ್ಕೆ ಬಾ. ಇದು ಮಾತ್ರ ಇನ್ಮೇಲೆ ಇಲ್ಲೇ ಇರತ್ತೆ."

ಆಮೇಲೆ ಎರಡು ವರ್ಷ ಹೋದೆ. ಪಾಠದ ಅರ್ಧ ಗಂಟೆ ಮಾತ್ರ ಅದು ನನ್ನ ಕೈಯಲ್ಲಿರುತ್ತಿತ್ತು. ಬೆರಳಲ್ಲೇ ನುಡಿಸುವಾಗಲೂ ಉಗುರು ಮರಕ್ಕೆ ತಗಲೀತೆಂದು ಮಣಿಕಟ್ಟು ಬಿಗಿಯುತ್ತಿತ್ತು. "ಕೈ ಸಡಿಲ ಬಿಡೋ" ಎನ್ನುತ್ತಿದ್ದರು ಮೇಷ್ಟ್ರು. ಬಿಡಲು ಆಗಲಿಲ್ಲ.