ತಂಗೆವ್ವ ಮಾವಶಿಯ ಹೂಂ

ನನ್ನ ಹಿಂದಿ ಮಿರಜ ಸ್ಟೇಶನ್ನಿನ ಮೈಕು ಕಲಿಸಿದ್ದು. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರ್ತೈತಿ ಅನ್ನೂದರ ಆಚೆ ಅದು ಹೋಗೂದಿಲ್ಲ. ಆದರೂ ಮಿರಜ ಹತ್ತಿರದ ಕಸಬೆ ಡಿಗ್ರಜದಾಗ ನಮ್ಮ ರೈತರ ಸೊಸಾಯಿಟಿಯವರು ಕನ್ನಡ ಸೀಮಿಂದ ಬಂದ ಕಬ್ಬು ಕಡಿಯೋ ಮಂದಿಗೆ ಹಿಂದಿ ಕಾರ್ಟೂನ್ ಸಿನಿಮಾ ತೋರಸ್ತೇವಿ ಅಂದಾಗ, ಚೇರಮನ್ ಬಾಪೂಸಾಹೇಬರ ಮುಂದ ಎದಿ ಉಬ್ಬಿಸಿ ನಿಂತೆ. "ಕನ್ನಡದಾಗ ನಾ ತಿಳಿಸಿ ಹೇಳ್ತೇನ್ರಿ." ಕೊಟ್ಟರು ಮೈಕು. ಮಂಗ್ಯಾನ ಕೈಯಾಗ ಮಾಣಿಕ್ಯ.

ಸಿನಿಮಾದ ಕತಿಯೇನೋ ನನಗ ಬಾಯಿಪಾಠ. ರಾಜಕುಮಾರಿನ್ನ ಹೊತ್ತೊಯ್ದ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯೊಳಗ ಇರ್ತೈತಲ್ಲ, ಅದ. ಅವ್ವ ಸತ್ತ ಮ್ಯಾಲ ಚಿಗವ್ವನಂಗ ನನ್ನ ಬೆಳೆಸಿದಾಕಿ ತಂಗೆವ್ವ ಮಾವಶಿ. ಅಥಣಿ ಕಡಿಂದ ಕೂಲಿಗೆ ಬಂದಾಕಿ, ಸಂಜಿಕೆ ರೊಟ್ಟಿ ಬಡಕೋತ ಅದನ್ನ ಹೇಳತಿದ್ಲು. ನಾ ಮಾತಿಗೊಮ್ಮೆ 'ಹೂಂ' ಅನಬೇಕು. ಹೂಂ ನಿಂತ್ರ ಕತಿನೂ ನಿಂತಂಗ.

ಈಗ ಅಕಿ ಕಣ್ಣಿಗೆ ಪೊರಿ ಬಂದಿತ್ತು. ಮರುದಿನ ಮಿರಜದಾಗ ಆಪರೇಶನ್. "ಕಣ್ಣು ಬರ್ತಾವೋ ಇಲ್ಲೋ. ಅದರಕಿಂತ ಮೊದಲ ನನ್ನ ರಾಜಕುಮಾರಿ ಮಾರಿ ಒಮ್ಮೆ ನೋಡಬೇಕಪಾ" ಅಂದ್ಲು. ಕರಕೊಂಡ ಬಂದು ಎಲ್ಲಾರಕಿಂತ ಮುಂದ ಕುಂದ್ರಿಸಿದೆ.

ಸಿನಿಮಾ ಶುರುವಾತು. ಒಂದು ಮಾತು ಹೇಳಿ ನಿಂತೆ, ಹೂಂ ಬರಲಿ ಅಂತ. ಮಂದಿ ಬಾಯಿ ತಕ್ಕೊಂಡು ಚಿತ್ರ ನೋಡಾಕತ್ತಿದ್ರು, ಹೂಂ ಯಾರು ಅಂತಾರ? ಮಾವಶಿ ಒಬ್ಬಾಕಿ ಅಂದ್ಲು. ಮತ್ತೊಂದು ಮಾತು, ಮತ್ತ ಕಾಯೂದು. ಪರದೆಗೇನು ಹೂಂ ಬೇಕ? ಅದು ಓಡಿತು. ನಾ ಮೂರನೇ ಸಮುದ್ರ ದಾಟೂದ್ರಾಗ ಅಲ್ಲಿ ರಾಕ್ಷಸ ಸತ್ತು, ಮದುವಿ ಊಟಾನೂ ಮುಗೀತು.

"ಜಟ್ಟೆಪ್ಪ, ನಿನ್ನ ಗಾಡಿ ಲೇಟ ಐತಿ" ಅಂದ ಕಬ್ಬು ಕಡಿಯೋ ಟೋಳಿ ನಡಸೋ ಮುಕಾದಮ ಕಾಡಪ್ಪ. ಮಂದಿ ಹೊಟ್ಟಿ ಹಿಡಕೊಂಡು ನಕ್ಕು ಎದ್ದು ಹೋದ್ರು.

ಮಾರಿ ಎಲ್ಲಿಡಬೇಕೋ ತಿಳೀದ ಮೈಕಿನ ವೈರು ಸುತ್ತಿದೆ. ಮಾವಶಿ ಎದ್ದಿರಲಿಲ್ಲ. ಖಾಲಿ ಪರದೆ ಕಡೆ ಮಾರಿ ಮಾಡಿ ಕುಂತಿದ್ಲು.

"ನನಗ ಬರೇ ಬೆಳಕ ಕಾಣಿಸ್ತಪಾ. ನನ್ನ ರಾಜಕುಮಾರಿ ಹೆಂಗದಾಳ?"

ಮೈಕಿನ ಸೊಕ್ಕಿನ್ಯಾಗ ನಾನೂ ಅಕಿ ಮಾರಿ ನೋಡಿರಲಿಲ್ಲ.

"ಕಿವ್ಯಾಗ ಬುಗುಡಿ" ಅಂದೆ. "ಗದ್ದದ ಮ್ಯಾಲ ಹಚ್ಚಿಬೊಟ್ಟು. ನಕ್ರ ಮುಂದಿನ ಹಲ್ಲೊಂದು ವಾರಿ ಕಾಣಸ್ತೈತಿ."

ಮಾವಶಿ ತನ್ನ ಗದ್ದ ಮುಟ್ಟಿ ನೋಡಿಕೊಂಡ್ಲು. ಆ ವಾರಿ ಹಲ್ಲು ಕಾಣೂಹಂಗ ನಕ್ಲು.

"ಸುಳ್ಳ ಹೇಳ್ತಿ" ಅಂದ್ಲು. ನನ್ನ ಕಡೆ ಹೊಳ್ಳಿ, "ಹೂಂ, ಮುಂದ?"

ಮೈಕು ಕೆಳಗಿಟ್ಟು ಅಕಿ ಬಾಜೂಕ ಕುಂತು ನಾಲ್ಕನೇ ಸಮುದ್ರಕ್ಕ ಇಳಿದೆ.